ಬಿಗ್ ಬ್ಯಾಂಡ್‌ನಲ್ಲಿ ಡಬಲ್ ಬೇಸ್: ಮತ್ತೆ ಕರೆ ಬರುವಂತೆ ನುಡಿಸುವುದು ಹೇಗೆ

ಬಿಗ್ ಬ್ಯಾಂಡ್ ಎಂದರೆ ಜಾಝ್‌ನ ದೊಡ್ಡ ತಂಡ: ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್. ಇಷ್ಟು ಮಂದಿಯ ಉಸಿರಿಗೆ ನೆಲವಾಗಿ ನಿಲ್ಲುವುದು ಪಿಯಾನೊ, ಗಿಟಾರ್, ಡ್ರಮ್ಸ್ ಮತ್ತು ಒಂದೇ ಒಂದು ಡಬಲ್ ಬೇಸ್, ಆಳು ಎತ್ತರದ ಮಂದ್ರ ದನಿಯ ತಂತಿವಾದ್ಯ. 1930ರ ದಶಕದಲ್ಲಿ ಕೌಂಟ್ ಬೇಸಿಯ ತಂಡದಲ್ಲಿ ವಾಲ್ಟರ್ ಪೇಜ್ ನುಡಿಸಿದ ನಾಲ್ಕು ಬೀಟಿನ ನಡಿಗೆ (ಬೀಟಿಗೊಂದು ಸ್ವರದಂತೆ ಬಿಡದೆ ಸಾಗುವುದು) ಈ ಕೆಲಸಕ್ಕೆ ಇಂದಿಗೂ ಅಳತೆಗೋಲು. 1939ರಲ್ಲಿ ಡ್ಯೂಕ್ ಎಲಿಂಗ್ಟನ್ ತಂಡ ಸೇರಿದ ಜಿಮ್ಮಿ ಬ್ಲಾಂಟನ್ ಬೇಸ್‌ಗೆ ಸೋಲೊ ದಾರಿ ತೆರೆದರು, ನಿಜ. ಆದರೆ ಹೊಸಬರು ಪೇಜ್‌ರಿಂದ ಶುರುಮಾಡುವುದೇ ಕ್ಷೇಮ. ತಂಡಕ್ಕೆ ಬೇಕಾದ ಸೋಲೊ ವರ್ಷಕ್ಕೆ ನಾಲ್ಕು, ನಡಿಗೆ ರಾತ್ರಿಯಿಡೀ.

ಮೊದಲು ವಾದ್ಯ. ದೊಡ್ಡವರೂ ನುಡಿಸುವುದು ಮುಕ್ಕಾಲು ಅಳತೆಯದನ್ನೇ. ಅದರ ತಂತಿಯ ನುಡಿಯುವ ಉದ್ದ ಸುಮಾರು 104ರಿಂದ 106 ಸೆಂ.ಮೀ. ಶ್ರುತಿ ಕೆಳಗಿನಿಂದ ಇ, ಎ, ಡಿ, ಜಿ. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಎಂಬುದನ್ನು ಮರೆತು ಪಿಯಾನೊದ ಹಾಳೆಯಿಂದ ನಕಲಿಳಿಸಿಕೊಳ್ಳುವವರು ಬಹಳ. ಬೆರಳುಹಲಗೆಯ ತುದಿಯಲ್ಲಿ ತಂತಿಯ ಎತ್ತರ ಅಳೆಯಿರಿ. ಉಕ್ಕಿನ ತಂತಿಗೆ ಜಿ ಸುಮಾರು 6 ಮಿ.ಮೀ., ಇ ಸುಮಾರು 9 ಮಿ.ಮೀ. ಇದ್ದರೆ ಆರಂಭಕ್ಕೆ ಸರಿ. ತೀರ ಇಳಿಸಿದರೆ ಬಲವಾಗಿ ಮೀಟಿದಾಗ ತಂತಿ ಹಲಗೆಗೆ ಬಡಿದು ಝರ್ರೆನ್ನುತ್ತದೆ, ದನಿಯ ಮೈಯೂ ತೆಳುವಾಗುತ್ತದೆ. ತೀರ ಏರಿಸಿದರೆ ಎರಡನೆಯ ಸೆಟ್ ಹೊತ್ತಿಗೆ ಎಡಗೈ ಸೋಲುತ್ತದೆ. ಆಂಪ್ಲಿಫೈಯರ್ ಇಲ್ಲದೆ ನುಡಿಸುವ ದಿನ ಒಂದೆರಡು ಮಿ.ಮೀ. ಏರಿಸಿಕೊಳ್ಳಲು ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಎರಡು ಕಾಲಿಗೂ ತಿರುಗಿಸುವ ಚಕ್ರ ಹಾಕಿಸಿಡಿ.

ಆ ಕುದುರೆಯ ಮೇಲೆ ಒಂದು ಕಣ್ಣಿರಲಿ. ಬಿರಡೆ ತಿರುಗಿಸಿದಷ್ಟೂ ಅದರ ತಲೆ ಬೆರಳುಹಲಗೆಯ ಕಡೆಗೆ ವಾಲುತ್ತದೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ, ತಂತಿಗಳನ್ನು ಸ್ವಲ್ಪ ಸಡಿಲಿಸಿ, ಎರಡೂ ಕೈಯಿಂದ ಮೆಲ್ಲಗೆ ನೇರ ಮಾಡಿ. ನಿರ್ಲಕ್ಷಿಸಿದರೆ ಒಂದು ದಿನ ಅದು ಬಿದ್ದೇ ಬೀಳುತ್ತದೆ. ಒತ್ತಡ ತಪ್ಪಿ ಒಳಗೆ ಮೇಲ್ಹಲಗೆಗೆ ಆಸರೆಯಾಗಿ ನಿಂತ ಕಡ್ಡಿ, ಸೌಂಡ್ ಪೋಸ್ಟ್ ಕೂಡ ಉರುಳಬಹುದು. ಹಾಗಾದಾಗ ಕುದುರೆಯನ್ನಷ್ಟೇ ನಿಲ್ಲಿಸಿ ಶ್ರುತಿ ಏರಿಸಬೇಡಿ. ಒಳಗಿನ ಆಸರೆಯಿಲ್ಲದ ಮೇಲ್ಹಲಗೆ ಕುಸಿದು ಸೀಳುತ್ತದೆ, ಆ ರಿಪೇರಿಯ ಬಿಲ್ ಹಲವು ಕಾರ್ಯಕ್ರಮಗಳ ಸಂಭಾವನೆಯನ್ನು ನುಂಗುತ್ತದೆ.

ಬಲಗೈಗೆ ನಿಯಮ ಸರಳ: ಹೆಬ್ಬೆರಳು ಬೆರಳುಹಲಗೆಯ ಅಂಚಿಗೆ ಒರಗಿರಲಿ, ಹಲಗೆ ಮುಗಿಯುವ ಜಾಗದ ಹತ್ತಿರ ತೋರುಬೆರಳಿನ ಪಕ್ಕದ ಮಾಂಸದಿಂದ ಮೀಟಿ. ಬಲ ತೋಳಿನ ತೂಕದಿಂದ ಬರಲಿ. ತುದಿಬೆರಳಿನಿಂದ ಕಿತ್ತರೆ ದನಿ ಹತ್ತು ಅಡಿ ದಾಟುವುದಿಲ್ಲ, ಬೆರಳಿಗೆ ಗುಳ್ಳೆ ಮಾತ್ರ ಖಚಿತ.

ನಿಜವಾದ ಕಷ್ಟ ಎಡಗೈಯಲ್ಲಿ. ಕೆಳ ಸ್ಥಾನಗಳಲ್ಲಿ ಒಂದು, ಎರಡು, ನಾಲ್ಕನೆಯ ಬೆರಳು ಬಳಸಿ (ಎಣಿಕೆ ತೋರುಬೆರಳಿನಿಂದ). ಮೂರನೆಯದು ನಾಲ್ಕಕ್ಕೆ ಊರುಗೋಲು. ಸ್ವರ ಮೊಟಕಾಗುವುದು ಹೆಚ್ಚಾಗಿ ಈ ಕೈ ಬೇಗ ಬಿಡುವುದರಿಂದ. ಮುಂದಿನ ಸ್ವರ ಮೀಟುವ ಕ್ಷಣದವರೆಗೂ ಒತ್ತಿಹಿಡಿಯಿರಿ. ಕೈ ದೂರ ಜಿಗಿಯಬೇಕಾದಲ್ಲಿ ಸಂದು ಕೇಳಿಸುತ್ತದೆ, ಅದನ್ನು ಮುಚ್ಚಲು ಹಳಬರ ಉಪಾಯವೊಂದಿದೆ: ಜಿಗಿಯುವ ಮುಂಚಿನ ಬೀಟಿಗೆ ಸಾಧ್ಯವಾದಲ್ಲೆಲ್ಲ ಬಿಟ್ಟ ತಂತಿ, ಎಂದರೆ ಬೆರಳೊತ್ತದ ತಂತಿ, ಇಟ್ಟುಕೊಳ್ಳುವುದು. ತಂತಿ ತಾನಾಗಿ ನುಡಿಯುತ್ತಿರುವಾಗ ಕೈ ಆರಾಮಾಗಿ ಹೊಸ ಜಾಗಕ್ಕೆ ಹೋಗುತ್ತದೆ.

ನಡಿಗೆ ಕಟ್ಟುವುದನ್ನು ಸ್ವರಗಳ ಭಾಷೆಯಲ್ಲಿ ಹೇಳಿದರೆ ನಮ್ಮವರಿಗೆ ಬೇಗ ಹತ್ತುತ್ತದೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಕಾರ್ಡ್‌ನ ಮೂಲಸ್ವರವೇ ಅದರ ಷಡ್ಜ. ಮೊದಲ ಬೀಟಿಗೆ ಷಡ್ಜ, ಎರಡು ಮೂರಕ್ಕೆ ಗಾಂಧಾರ ಪಂಚಮದಂಥವು, ನಾಲ್ಕನೆಯ ಬೀಟಿಗೆ ಮುಂದಿನ ಕಾರ್ಡ್‌ನ ಷಡ್ಜಕ್ಕೆ ಅರ್ಧ ಸ್ವರ ಮೇಲೆ ಇಲ್ಲವೇ ಕೆಳಗೆ. ಎಫ್ ಬ್ಲೂಸ್‌ನಲ್ಲಿ ಕಾರ್ಡ್ ಎಫ್‌ನಿಂದ ಬಿ-ಫ್ಲಾಟ್‌ಗೆ ಹೋಗಿ ಮತ್ತೆ ಎಫ್‌ಗೆ ಬರುವಾಗ ಹೀಗೆ: ಎಫ್, ಎ, ಸಿ, ಬಿ, ಆಮೇಲೆ ಬಿ-ಫ್ಲಾಟ್, ಎ-ಫ್ಲಾಟ್, ಜಿ, ಜಿ-ಫ್ಲಾಟ್, ಮತ್ತೆ ಎಫ್. ಕಾರ್ಡ್ ಬದಲಾಗುವ ಮುಂಚೆಯೇ ಅದರ ವಾಸನೆ ಬಡಿಯುವುದು ಆ ನಾಲ್ಕನೆಯ ಬೀಟಿನಿಂದ. ಬೇರೆ ಅಲಂಕಾರಗಳನ್ನು ಮೊದಲ ವರ್ಷ ಮುಟ್ಟದಿದ್ದರೆ ಯಾರಿಗೂ ನಷ್ಟವಿಲ್ಲ.

ಕಾಲ ಹಿಡಿಯುವ ಯಂತ್ರ ಮೆಟ್ರೊನೋಮನ್ನು ಎರಡು ಮತ್ತು ನಾಲ್ಕನೆಯ ಬೀಟಿಗೆ ಮಾತ್ರ ಬಡಿಯುವಂತೆ ಇಡಿ: ನಿಮಿಷಕ್ಕೆ 120 ಬೀಟಿನ ಕಾಲಕ್ಕೆ ಅದನ್ನು 60ಕ್ಕೆ. ವೇಗದ ಹಾಡುಗಳಿಗಿಂತ 65ರ ಆಸುಪಾಸಿನ ವಿಳಂಬ ಕಾಲ ಹೆಚ್ಚು ಜನರನ್ನು ಕೆಡವಿದೆ; ಬೀಟುಗಳ ನಡುವಿನ ಖಾಲಿ ಜಾಗದಲ್ಲಿ ಆತುರ ಹುಟ್ಟುತ್ತದೆ.

ವೇದಿಕೆಯಲ್ಲಿ ಡ್ರಮ್ಮರ್‌ನ ರೈಡ್ ಸಿಂಬಲ್ ಕಾಣುವಷ್ಟು ಹತ್ತಿರ ನಿಲ್ಲಿ. ಕೋಲು ಸಿಂಬಲ್‌ಗೆ ತಾಗುವುದೂ ನಿಮ್ಮ ಬೆರಳು ತಂತಿ ಬಿಡುವುದೂ ಒಂದೇ ಕ್ಷಣವಾಗಬೇಕು. ಬೇಸ್ ಡ್ರಮ್ ಜೋರಾದರೆ ನಿಮ್ಮ ಸ್ವರ ಅದರಡಿ ಹೂತುಹೋಗುತ್ತದೆ. ಅದನ್ನು ರಿಹರ್ಸಲ್‌ನಲ್ಲೇ ವಿನಯದಿಂದ ಹೇಳಿ. ಊದುವವರೆಲ್ಲ ಒಟ್ಟಿಗೆ ಅಬ್ಬರಿಸುವ ಶೌಟ್ ಕೋರಸ್ ಬಂದಾಗ ಪೈಪೋಟಿಗೆ ಬಿದ್ದು ಜೋರಾಗಿ ಎಳೆಯುವವರೇ ಹೆಚ್ಚು. ಹಾಗೆ ಎಳೆದಾಗ ಶ್ರುತಿ ಮೇಲೇರುತ್ತದೆ, ಕಾಲವೂ ಓಡುತ್ತದೆ.

ಕಂಪನವನ್ನು ವಿದ್ಯುತ್ತಾಗಿಸಲು ಕುದುರೆಗೆ ಸಿಕ್ಕಿಸುವ ಪೀಜೊ ಪಿಕಪ್‌ಗೆ ಕನಿಷ್ಠ 1 ಮೆಗಾ ಓಮ್ ಇನ್‌ಪುಟ್ ಇರುವ ಪ್ರೀಆಂಪ್ (ಆಂಪ್ಲಿಫೈಯರ್‌ಗೆ ಮುಂಚಿನ ಪೆಟ್ಟಿಗೆ) ಬೇಕು. ಇಲ್ಲವಾದರೆ ಕೆಳಗಿನ ದನಿ ಸೋರಿ ತಗಡಿನ ಸದ್ದು ಉಳಿಯುತ್ತದೆ. ಆಂಪ್ಲಿಫೈಯರ್ ಕುರ್ಚಿಯ ಮೇಲಿರಲಿ, ವಾದ್ಯದ ಬೆನ್ನಿಗೆ ನೇರವಾಗಿ ಬೇಡ. ಗುಂಯ್ ಎಂದು ಫೀಡ್‌ಬ್ಯಾಕ್ ಬಂದರೆ ಮೊದಲು ಧ್ವನಿತರಂಗವನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ ತಿರುಗಿಸಿ ನೋಡಿ, ಆಮೇಲೆ 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ.

ಹಾಳೆಗಳ ವಿಷಯ ಚಿಕ್ಕದು, ಕೆಲಸ ತಪ್ಪಿಸುವುದರಲ್ಲಿ ಮಾತ್ರ ದೊಡ್ಡದು. ನಡಿಗೆಯ ನಡುವೆ ಪುಟ ತಿರುವಲು ಕೈ ಖಾಲಿಯಿರುವುದಿಲ್ಲ. ಪುಟಗಳನ್ನು ಪಟ್ಟಿಯಂತೆ ಟೇಪಿನಿಂದ ಅಂಟಿಸಿ ಅಗಲಕ್ಕೆ ಹರಡಿ. ಹಿಂದಕ್ಕೆ ಹೋಗುವ ಗುರುತು, ಕೋಡಾ (ಹಾಡಿನ ಕೊನೆಯ ತುಣುಕು), ಸೋಲೊಗಳ ಪುನರಾವರ್ತನೆ, ಇವಿಷ್ಟಕ್ಕೂ ಪೆನ್ಸಿಲ್‌ನಲ್ಲಿ ದಪ್ಪಗೆ ಗುರುತು ಹಾಕಿ. ನಾಯಕರು ತಲೆಯ ಕಡೆ ಬೆರಳು ತೋರಿಸಿದರೆ ಹಾಡಿನ ಮೊದಲಿಗೆ ಮರಳಿ ಎಂದರ್ಥ.

ಕೆಲಸ ಶುರುವಾಗುವುದು ಸಾಮಾನ್ಯವಾಗಿ ಖಾಯಂ ವಾದಕರ ಬದಲಿಯಾಗಿ. ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್‌ನಲ್ಲಿ ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್, ಡ್ರಮ್ಮರ್ ಮೆಲ್ ಲೂಯಿಸ್ 1966ರಲ್ಲಿ ಸೋಮವಾರ ರಾತ್ರಿಯ ತಂಡ ಶುರುಮಾಡಿದ್ದು ಆ ದಿನ ಸ್ಟುಡಿಯೊ ವಾದಕರಿಗೆ ಬಿಡುವಿದ್ದುದರಿಂದ. ಇಂಥ ತಂಡದ ಒಂದು ಕುರ್ಚಿಗೆ ಹಲವು ಬದಲಿಗಳ ಪಟ್ಟಿ ಇರುತ್ತದೆ. ಬದಲಿಯಾಗಿ ಹೋಗುವ ಮುಂಚೆ ಆ ತಂಡದ ಧ್ವನಿಮುದ್ರಿಕೆ ಕೇಳಿಕೊಂಡು, ಸಾಧ್ಯವಾದರೆ ಒಂದು ರಾತ್ರಿ ಖಾಯಂ ವಾದಕರ ಹಿಂದೆ ಕುಳಿತು ಹಾಳೆ ಓದಿಕೊಳ್ಳಿ. ತಿಂಗಳ ಸಂಬಳ ಬೇಕಿದ್ದವರಿಗೆ ಕಲೋನ್‌ನ ಡಬ್ಲ್ಯುಡಿಆರ್, ಹ್ಯಾಂಬರ್ಗ್‌ನ ಎನ್‌ಡಿಆರ್‌ನಂಥ ಜರ್ಮನ್ ರೇಡಿಯೊ ಬಿಗ್ ಬ್ಯಾಂಡ್‌ಗಳಿವೆ, ಅಮೆರಿಕದ ಸೇನಾ ಜಾಝ್ ತಂಡಗಳಿವೆ. ಜಾಗ ಖಾಲಿಯಾಗುವುದು ಅಪರೂಪ. ಅಲ್ಲಿ ಕಮಾನು ಹಿಡಿದು ಶ್ರುತಿಶುದ್ಧವಾಗಿ ನುಡಿಸುವುದನ್ನೂ, ಲ್ಯಾಟಿನ್, ಫಂಕ್ ಹಾಡುಗಳಿಗೆ ಬೇಸ್ ಗಿಟಾರನ್ನೂ ಕೇಳುತ್ತಾರೆ. ಎರಡನ್ನೂ ಕರೆ ಬಂದ ಮೇಲೆ ಕಲಿಯಲು ಹೊತ್ತಿರುವುದಿಲ್ಲ.