ಮೂರು ಪೆನ್ಸಿಲ್, ಒಂದು ಹಳೆಯ ಪಂಚಾಂಗ: ಸೆರೆಯಿಂದ ಮರಳಿದ ಸೈನಿಕರ ನೆನಪುಗಳನ್ನು ಓದಿದ ನನ್ನ ಅನುಭವ

ಸೆರೆಯಾಗಿ ಮರಳಿದ ಸೈನಿಕರ ನೆನಪಿನ ಪುಸ್ತಕಗಳನ್ನು ನಾನು ಸೆರೆವಾಸದಿಂದ ಶುರುಮಾಡಿ ಯುದ್ಧದ ಕಡೆಗೆ, ಹಿಂದುಮುಂದಾಗಿ ಓದುತ್ತೇನೆ ಎಂದಾಗ ನಮ್ಮ ಓದುಗರ ಬಳಗದಲ್ಲಿ ನಗದವರಿರಲಿಲ್ಲ. ಅದರಲ್ಲೂ ಒಬ್ಬ ನಿವೃತ್ತ ಸುಬೇದಾರರು, ‘ಗುಂಡು ಬೀಳುವಾಗ ಗಡಿಯಾರ ನೋಡುವವರು ಯಾರು? ನೀವು ಲೆಕ್ಕ ಹಾಕಿ ಏನು ಕಂಡುಹಿಡಿಯುತ್ತೀರಿ?’ ಎಂದು ಎಲ್ಲರೆದುರು ಕೇಳಿದರು. ಈಗ ಅದೇ ಸುಬೇದಾರರು ನನ್ನ ನೋಟುಪುಸ್ತಕವನ್ನು ಎರಡು ಸಲ ಒಯ್ದಿದ್ದಾರೆ. ಎರಡನೆಯ ಸಲ ವಾಪಸು ಬರಲು ಮೂರು ತಿಂಗಳು ಹಿಡಿಯಿತು.

ಮೊದಲ ವರ್ಷ ಪೂರ್ತಿ ವ್ಯರ್ಥ. 1962ರ ಚೀನಾ ಯುದ್ಧ, 1965 ಮತ್ತು 1971ರ ಪಾಕಿಸ್ತಾನ ಯುದ್ಧಗಳು ಎಂದು ಹನ್ನೊಂದೋ ಹನ್ನೆರಡೋ ಪುಸ್ತಕಗಳನ್ನು ಮೊದಲ ಪುಟದಿಂದ ಓದಿದೆ. ವರ್ಷದ ಕೊನೆಗೆ ಯಾವ ಕಂದಕದಲ್ಲಿ ಯಾರಿದ್ದರು ಎಂಬುದು ತಲೆಯಲ್ಲಿ ಕಲಸುಮೇಲೋಗರವಾಗಿತ್ತು. ಒಂದು ಮಳೆಗಾಲದಲ್ಲಿ ಸೆರೆವಾಸದ ಮೂರು ಪುಸ್ತಕಗಳನ್ನು ಬೆನ್ನುಬೆನ್ನಿಗೆ ಓದಿ ನಿದ್ದೆ ಕೆಡಿಸಿಕೊಂಡೆ. ಮನೆಯವರು ಅವನ್ನೆಲ್ಲ ಅಟ್ಟಕ್ಕೆ ಹಾಕಿದರು. ಆಮೇಲೆ ಘಟನೆಗೊಂದರಂತೆ ನಾನೂರು ಕಾರ್ಡು ಬರೆದೆ. ಅದೂ ದಂಡ. ಕಾರ್ಡುಗಳನ್ನು ಹೇಗೆ ಜೋಡಿಸಿದರೂ ಎಲ್ಲ ಮಾತಿಗೂ ಒಂದೇ ತೂಕ ಬರುತ್ತಿತ್ತು.

ದುಡ್ಡಿನ ಮಾತು ಬಿಡುವಂತಿಲ್ಲ. ಮೂರು ವರ್ಷಕ್ಕೆ ಹದಿನಾಲ್ಕು ಹದಿನೈದು ಸಾವಿರ ರೂಪಾಯಿ ಹೋಗಿರಬೇಕು. ಅದರಲ್ಲಿ 2,800 ರೂಪಾಯಿಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ಮುದ್ರಣ ಎಂದು ಒಬ್ಬ ಮಾರಾಟಗಾರ ಕೊಟ್ಟ ಪುಸ್ತಕವನ್ನು ಮನೆಗೆ ತಂದು ಹಿಂಬದಿಯ ಮಡಿಕೆ ನಕ್ಷೆ ಬಿಡಿಸೋಣವೆಂದರೆ, ಹೊಲಿಗೆಯ ಪಕ್ಕದಲ್ಲಿ ಬೆರಳಗಲದ ಕಾಗದದ ಅಂಚು ಮಾತ್ರ ಉಳಿದಿತ್ತು. ಯಾರೋ ಬ್ಲೇಡಿನಿಂದ ನೇರವಾಗಿ, ತುಂಬ ಅಚ್ಚುಕಟ್ಟಾಗಿ ಕತ್ತರಿಸಿದ್ದರು. ಯುದ್ಧದ ಪುಸ್ತಕಕ್ಕೆ ನಕ್ಷೆ ಇಲ್ಲದಿದ್ದರೆ ಅರ್ಧ ಬೆಲೆಯೂ ಜಾಸ್ತಿ.

ಆ ಸಿಟ್ಟಿನಲ್ಲೇ ನಕ್ಷೆಗಳ ಬೆನ್ನು ಹತ್ತಿದೆ. ಗಡಿ ಭಾಗದ ಸರ್ಕಾರಿ ನಕ್ಷೆಗಳು ಆಗ ನಮ್ಮಂಥವರ ಕೈಗೆ ಸುಲಭಕ್ಕೆ ಸಿಗುತ್ತಿರಲಿಲ್ಲವಲ್ಲ. ಅಮೆರಿಕದ ಸೇನಾ ನಕ್ಷಾ ವಿಭಾಗ 1950ರ ದಶಕದಲ್ಲಿ ಮಾಡಿದ, ಎರಡೂವರೆ ಲಕ್ಷಕ್ಕೆ ಒಂದು ಪ್ರಮಾಣದ ಯು502 ಸರಣಿಯ ಹಾಳೆಗಳು ಪುಕ್ಕಟೆಯಾಗಿ ಸಿಗುತ್ತವೆ. ಹಾಳೆಗೆ ನೂರಿಪ್ಪತ್ತು ರೂಪಾಯಿ ಕೊಟ್ಟು ದೊಡ್ಡದಾಗಿ ಮುದ್ರಿಸಿಕೊಂಡೆ. ಒಂದು ಸೆಂಟಿಮೀಟರ್ ಎರಡೂವರೆ ಕಿಲೋಮೀಟರ್ ಎಂದು ಸ್ಕೇಲ್ ಇಟ್ಟು ಅಳೆದದ್ದು ನನ್ನ ಮುಂದಿನ ಪೆದ್ದತನ. ಆ ಬೆಟ್ಟಗಳಲ್ಲಿ ದಾರಿಯನ್ನು ಅಳೆಯುವುದು ನಡೆಯುವ ದಿನಗಳಲ್ಲಿ.

ಈಗ ಪೆನ್ಸಿಲ್‌ಗಳಿಗೆ ಬರುತ್ತೇನೆ. ಬರೆದವನು ತಾನೇ ಕಣ್ಣಾರೆ ಕಂಡದ್ದಕ್ಕೆ ಕೆಂಪು, ಇನ್ನೊಬ್ಬರ ಬಾಯಿಂದ ಕೇಳಿದ್ದಕ್ಕೆ ನೀಲಿ, ಬಿಡುಗಡೆಯಾದ ಮೇಲೆ ಪತ್ರಿಕೆ, ವರದಿ, ಬೇರೆ ಪುಸ್ತಕಗಳಿಂದ ತಿಳಿದದ್ದಕ್ಕೆ ಹಳದಿ. ಸಾಲುಸಾಲಾಗಿ ಗೆರೆ ಎಳೆಯುತ್ತ ಹೋದರೆ ಮುನ್ನೂರು ಪುಟದ ಪುಸ್ತಕದಲ್ಲಿ ಕೆಂಪು ನಲವತ್ತು ಪುಟ ದಾಟುವುದು ಅಪರೂಪ. ಹಳದಿ ಹೆಚ್ಚಾಯಿತೆಂದು ಪುಸ್ತಕ ಕೆಟ್ಟದ್ದಾಗುವುದಿಲ್ಲ. ಚೀನಾ ಯುದ್ಧದಲ್ಲಿ ನಮ್ಮ ಬ್ರಿಗೇಡೊಂದರ ಮುಖ್ಯಸ್ಥರಾಗಿದ್ದ ಬ್ರಿಗೇಡಿಯರ್ ದಳವಿ ಸೆರೆ ಸಿಕ್ಕಿದ್ದು 1962ರ ಅಕ್ಟೋಬರ್ 22ರಂದು, ಅವರ ಪುಸ್ತಕ ಬಂದದ್ದು 1969ರಲ್ಲಿ. ಏಳು ವರ್ಷ ಅವರು ಕೂಡಿಸಿದ್ದೇ ಅದರ ಬಲ. ಆದರೆ ಹಳದಿಯನ್ನು ಕೆಂಪೆಂದು ಓದಿದರೆ ಮೋಸಹೋಗುವವರು ನಾವು.

ಸೆರೆವಾಸವನ್ನು ಮೊದಲು ಓದುವುದು ಈ ಕಾರಣಕ್ಕೇ. ಯಾರು ಯಾರ ಜೊತೆ ಕೋಣೆ ಹಂಚಿಕೊಂಡಿದ್ದರು ಎಂದು ಗೊತ್ತಾದರೆ ನೀಲಿಯ ಮೂಲ ಸಿಗುತ್ತದೆ. ಚೀನೀಯರು ಅಧಿಕಾರಿಗಳನ್ನೂ ಜವಾನರನ್ನೂ ಬೇರೆಬೇರೆ ಇಟ್ಟಿದ್ದರು. ಹಾಗಾದರೆ ಅಧಿಕಾರಿಯೊಬ್ಬ ‘ನನ್ನ ಜವಾನರು ಹೇಳಿದರು’ ಎಂದು ಬರೆದ ಮಾತು ಬಹುತೇಕ ಬಿಡುಗಡೆಯ ನಂತರದ್ದು. ಅದು ತಿಂಗಳುಗಟ್ಟಲೆ ಹಳತಾದ ನೆನಪು. ಇಷ್ಟು ತಿಳಿದು ಯುದ್ಧದ ಅಧ್ಯಾಯಕ್ಕೆ ಮರಳಿದರೆ ಅದು ಬೇರೆಯೇ ಅಧ್ಯಾಯ.

ನನ್ನ ವಿಧಾನ ಗೆದ್ದದ್ದು ಈಶಾನ್ಯ ಗಡಿಯ ನಾಮ್ಕಾ ಚು ನದಿಯ ದಂಡೆಯಲ್ಲಿ, ಅಂದರೆ 1962ರ ಅಕ್ಟೋಬರ್ 20ರ ಬೆಳಗಿನ ಚೀನೀ ದಾಳಿಯ ವಿಷಯದಲ್ಲಿ. ನಮ್ಮವರ ಬರಹದಲ್ಲಿ ಫಿರಂಗಿ ಶುರುವಾಗುವುದು ಐದರ ಸುಮಾರಿಗೆ. ಚೀನೀ ಬರಹಗಳಲ್ಲಿ ಏಳೂವರೆಗೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಬಳಗದಲ್ಲಿ ಎರಡು ಪಕ್ಷಗಳಾಗಿದ್ದವು. ಎರಡೂ ಕೆಂಪು, ಎರಡನ್ನೂ ಅಳಿಸುವಂತಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ಹೊಳೆದದ್ದು ನಾಚಿಕೆಯಾಗುವಷ್ಟು ಸರಳ: ಚೀನೀ ಸೈನ್ಯದ ಗಡಿಯಾರ ಬೀಜಿಂಗ್ ಸಮಯ ತೋರಿಸುತ್ತದೆ, ಅದು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಏಳೂವರೆ ಎಂದರೆ ನಮ್ಮ ಐದೇ! ಅಂದು ಸುಬೇದಾರರು ಮಾತಾಡಲಿಲ್ಲ, ಚಹಾ ಮಾತ್ರ ಅವರೇ ಕೊಡಿಸಿದರು.

ಆದರೂ ಒಂದು ಮುಳ್ಳು ಉಳಿದಿತ್ತು. ಐದಕ್ಕೆಲ್ಲ ನದಿಯಾಚೆಯ ಆಕೃತಿಗಳು ಕಂಡವು ಎಂಬಂಥ ಮಾತನ್ನು ನಾನು ನಂಬಿರಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣವೆಂದು ಒಂದು ಅಕ್ಟೋಬರ್ 20ರಂದು ಬೆಂಗಳೂರಿನ ನಮ್ಮ ತಾರಸಿಯಲ್ಲಿ ಐದಕ್ಕೆ ಹೋಗಿ ನಿಂತೆ. ಪೂರ್ವದಲ್ಲಿ ಬೆಳಕಿನ ಸುಳಿವಿಲ್ಲ. ನೀರಿನ ಟ್ಯಾಂಕಿಗೆ ಮಂಡಿ ಬಡಿದುಕೊಂಡು ಕೆಳಗಿಳಿದು, ಅಂಚಿನಲ್ಲಿ ‘ಉತ್ಪ್ರೇಕ್ಷೆ’ ಎಂದು ಬರೆದೆ. ಎಂಟು ತಿಂಗಳ ಮೇಲೆ ಅದನ್ನು ಅಳಿಸಬೇಕಾಯಿತು. ಬೆಂಗಳೂರಿನಲ್ಲಿ ಆ ದಿನ ಸೂರ್ಯ ಹುಟ್ಟುವುದು ಆರೂಕಾಲಿನ ಆಸುಪಾಸು. ಅಷ್ಟು ಪೂರ್ವದ ನಾಮ್ಕಾ ಚುವಿನಲ್ಲಿ ಐದೂವರೆಗೆ. ಐದಕ್ಕೆ ಅಲ್ಲಿ ಮುಂಬೆಳಗು ಹರಿದಿರುತ್ತದೆ. ಸಾಲದ್ದಕ್ಕೆ ಹಳೆಯ ಪಂಚಾಂಗ ತೆಗೆದರೆ ಅಕ್ಟೋಬರ್ ಕೊನೆಯ ವಾರದಲ್ಲಿ ದೀಪಾವಳಿಯ ಅಮಾವಾಸ್ಯೆ, ಅಂದರೆ 20ರಂದು ಕೃಷ್ಣಪಕ್ಷದ ಅಷ್ಟಮಿಯ ಹೊತ್ತು. ನಡುರಾತ್ರಿ ಮೂಡಿದ ಅರ್ಧಚಂದ್ರ ಬೆಳಗಿನ ಜಾವಕ್ಕೆ ನೆತ್ತಿಯ ಮೇಲಿರುತ್ತಾನೆ. ಅಂದಿನಿಂದ ಯಾವ ಯುದ್ಧದ ಪುಸ್ತಕ ತೆರೆದರೂ ಮೊದಲು ತಿಥಿ ನೋಡುತ್ತೇನೆ. ಕೆಂಪಿನೊಳಗೇ ಅನುಮಾನದ ಸಾಲುಗಳಿಗೆ ಹಾಕುವ ಇನ್ನೊಂದು ಗುರುತಿದೆ; ಅದನ್ನು ಇಲ್ಲಿ ಹೇಳುವುದಿಲ್ಲ, ನಾಲ್ಕು ವರ್ಷ ತೆತ್ತು ಕಲಿತದ್ದು.

ನಕ್ಷೆಯ ಹುಚ್ಚಿಗೆ ಒಂದು ಅಡ್ಡಮಾತು. 1972ರ ಆಗಸ್ಟ್‌ನಲ್ಲಿ, ಹಿಂದಿನ ವರ್ಷದ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕಿದ್ದ ನಮ್ಮ ವಾಯುಪಡೆಯ ಪರುಳ್ಕರ್, ಗ್ರೇವಾಲ್, ಹರೀಶ್ ಸಿಂಹಜಿ ರಾವಲ್ಪಿಂಡಿಯ ಸೆರೆಕೋಣೆಯ ಗೋಡೆ ಕೊರೆದು ಪಾರಾದರು. ಪೇಶಾವರ ದಾಟಿ ಲಂಡಿ ಕೋತಲ್‌ವರೆಗೆ ಹೋದರು, ಅಫ್ಘಾನ್ ಗಡಿ ಕೂಗಳತೆಯಲ್ಲಿತ್ತು. ಅಲ್ಲಿ ಅವರು ಲಂಡಿ ಖಾನಾಕ್ಕೆ ದಾರಿ ಕೇಳಿದರು. ನಕ್ಷೆಯಲ್ಲಿದ್ದ ಆ ನಿಲ್ದಾಣಕ್ಕೆ ರೈಲು ನಿಂತು, 1932ರಿಂದ ಲೆಕ್ಕ ಹಾಕಿದರೆ, ನಲವತ್ತು ವರ್ಷವಾಗಿತ್ತು. ಕೇಳಿದ ಪ್ರಶ್ನೆಯೇ ಅವರನ್ನು ಹಿಡಿದುಕೊಟ್ಟಿತು. ಡಿಸೆಂಬರ್ 1ರಂದು ಉಳಿದ ಸೆರೆಯಾಳುಗಳ ಜೊತೆ ವಾಘಾ ದಾಟಿ ಬಂದರೆನ್ನಿ. ಹಳೆಯ ನಕ್ಷೆ ಓದುವವನಿಗೆ ಬೇಕು, ಓಡುವವನಿಗೆ ಬೇಡ ಎಂದು ನಾನು ಬಳಗದಲ್ಲಿ ತಮಾಷೆ ಮಾಡುವುದುಂಟು.

ಸದ್ಯ 1971ರ ಪೂರ್ವ ರಂಗಕ್ಕೆ, ಅಂದರೆ ಈಗ ಬಾಂಗ್ಲಾದೇಶವಾಗಿರುವ ಆಗಿನ ಪೂರ್ವ ಪಾಕಿಸ್ತಾನದ ಯುದ್ಧಕ್ಕೆ, ಕೈ ಹಾಕಿದ್ದೇನೆ. ಢಾಕಾದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ, ಕರಾಚಿಯದು ಅರ್ಧ ಗಂಟೆ ಹಿಂದೆ. ಯಾವ ಅಧಿಕಾರಿ ಯಾವ ಗಡಿಯಾರ ಕಟ್ಟಿಕೊಂಡಿದ್ದ ಎಂಬುದನ್ನು ಪುಟಪುಟಕ್ಕೂ ಊಹಿಸಬೇಕಾಗಿದೆ, ಹಳದಿ ಪೆನ್ಸಿಲ್ ಆಗಲೇ ಎರಡು ಮುಗಿದವು. ಬೇಕಾದ ಪುಸ್ತಕವೊಂದಕ್ಕೆ ಮಾರುವವರು ಎಂಟುನೂರು ಕೇಳುತ್ತಿದ್ದಾರೆ. ದುಡ್ಡು ಕಳುಹಿಸಿಲ್ಲ. ಮೊದಲು ಹಿಂಬದಿಯ ನಕ್ಷೆಯನ್ನು ಬಿಡಿಸಿ, ಹೊಲಿಗೆ ಕಾಣುವ ಹಾಗೆ ಫೋಟೊ ಕಳುಹಿಸಿ ಎಂದಿದ್ದೇನೆ.