ಘಾಟಿಯಲ್ಲಿ ಬೀಳದ ದಂಡ

ತೀರ್ಥಹಳ್ಳಿಯಲ್ಲಿ ನನ್ನದೊಂದು ಹಳದಿ ಬೋರ್ಡ್ ಕಾರಿದೆ. ಶಿವಮೊಗ್ಗ, ಮಣಿಪಾಲ ಅಂತ ಆಸ್ಪತ್ರೆಗೆ ಹೋಗುವವರ ಬಾಡಿಗೆಯೇ ಜಾಸ್ತಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಮಳೆಗಾಲದ ಮಂಜಿನಲ್ಲೂ ಹತ್ತಿ ಇಳಿದಿದ್ದೇನೆ. ಅಲ್ಲಿ ಕಾರಿಗೆ ಒಂದು ಗೀರೂ ಬಿದ್ದಿಲ್ಲ. ಆದರೆ ಒಂದೇ ವರ್ಷದಲ್ಲಿ ಮೂರು ಸಲ ದಂಡ ಕಟ್ಟಿದೆ. ಮೂರೂ ನೆಟ್ಟಗಿನ ರಸ್ತೆಯಲ್ಲಿ!

ಮೊದಲನೆಯದು ಶಿವಮೊಗ್ಗದ ಸಿಗ್ನಲ್‌ನಲ್ಲಿ. ಕೆಂಪು ದೀಪ ದಾಟಿದ್ದೀರಿ ಅಂತ ಮೊಬೈಲಿಗೆ ಮೆಸೇಜ್ ಬಂತು, 500 ರೂಪಾಯಿ. ನಾನಲ್ಲವೇ ಅಲ್ಲ ಅಂದುಕೊಂಡು ಸಿಗ್ನಲ್ ಕ್ಯಾಮೆರಾದ ಫೋಟೋ ತೆರೆದು ನೋಡಿದರೆ ನನ್ನದೇ ಕಾರು. ಎರಡನೆಯದು ವೇಗದ್ದು, 1000. ಮೂರನೆಯದು ಸೀಟ್ ಬೆಲ್ಟ್‌ದು. ಟೀ ಕುಡಿದು ಬಂದು ಹಾಕಿಕೊಳ್ಳೋದು ಮರೆತಿದ್ದೆ, ಮತ್ತೆ 500. ಎಲ್ಲರ ಹಾಗೆ ನಾನೂ ಪೊಲೀಸರನ್ನೇ ಬೈದೆ.

ಒಂದಿನ ಬಾಡಿಗೆ ಇಲ್ಲದೆ ಕೂತಿದ್ದಾಗ ಮೂರೂ ಚಲನ್‌ಗಳ ಸಮಯ ನೋಡಿದೆ. 2.40, 3.10, 2.55. ಮೂರೂ ಮಧ್ಯಾಹ್ನ ಊಟದ ನಂತರದವು. ಘಾಟಿಯಲ್ಲಿ ನಿದ್ದೆ ಬರೋಕೆ ಭಯ ಬಿಡುವುದಿಲ್ಲ. ಆದರೆ ಶಿವಮೊಗ್ಗದ ಕಡೆ ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ಕಣ್ಣು ಮುಚ್ಚಿದರೂ ಗೊತ್ತಿರುವ ದಾರಿಯಲ್ಲಿ ಕೈ ಸ್ಟೇರಿಂಗ್ ಮೇಲಿರುತ್ತದೆ, ತಲೆ ಎಲ್ಲೋ ಇರುತ್ತದೆ. 60ರ ವೇಗದಲ್ಲಿ ಮೂರು ಸೆಕೆಂಡ್ ಮಂಪರು ಹಿಡಿದರೆ ಕಾರು 50 ಮೀಟರ್ ಹೋಗಿರುತ್ತದೆ. ಲೆಕ್ಕ ಹಾಕಿದ ದಿನ ಮೈ ಜುಮ್ಮೆಂದಿತು.

ಮೊದಲು ಊಟ ಬದಲಿಸಿದೆ. ಅನ್ನ, ಸಾಂಬಾರು ಅಂತ ಹೊಟ್ಟೆ ಬಿರಿಯುವಷ್ಟು ತಿನ್ನುವವನು ಈಗ ಅರ್ಧಕ್ಕೇ ಏಳುತ್ತೇನೆ. (ಹಬ್ಬದ ದಿನ ಈ ಮಾತು ನಡೆಯುವುದಿಲ್ಲ, ಆವತ್ತು ಬಾಡಿಗೆಗೂ ಹೋಗುವುದಿಲ್ಲ.) ಕಣ್ಣು ಎಳೆಯತೊಡಗಿದರೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು ಆಮೇಲೆ 20 ನಿಮಿಷ ಮಲಗುತ್ತೇನೆ. ಉಲ್ಟಾ ಅನಿಸುತ್ತೆ ಅಲ್ವಾ? ಕಾಫಿ ಕೆಲಸ ಶುರು ಮಾಡೋಕೆ ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಸಿಗುತ್ತವೆ. ಕಿಟಕಿ ಇಳಿಸೋದು, ಜೋರಾಗಿ ಹಾಡು ಹಾಕೋದು ಎಲ್ಲ ಮಾಡಿ ನೋಡಿದ್ದೇನೆ. ಐದು ನಿಮಿಷದ ಮೇಲೆ ನಿಲ್ಲುವುದಿಲ್ಲ.

ಜಾಸ್ತಿ ಉಪಯೋಗವಾದದ್ದು ಒಬ್ಬ ಅಜ್ಜಿಯಿಂದ ಕಲಿತದ್ದು. ಹಿಂದಿನ ಸೀಟಲ್ಲಿ ಮೊಮ್ಮಗನಿಗೆ ಬೋರ್ಡ್ ಓದಿಸುತ್ತಿದ್ದವರು ನನ್ನನ್ನು ಕೇಳಿದರು, "ತಮ್ಮಾ, ಈಗ ಹೋಯ್ತಲ್ಲ, ಅದ್ರಲ್ಲಿ ಎಷ್ಟು ಅಂತ ಬರ್ದಿತ್ತು?" ನನಗೆ ಬೋರ್ಡ್ ಕಂಡೇ ಇರಲಿಲ್ಲ. ಹುಡುಗ "ನಲವತ್ತು" ಅಂದ. ಮೀಟರ್ ನೋಡಿದರೆ 63! ಅವತ್ತಿನಿಂದ ಪ್ರತಿ ಬೋರ್ಡನ್ನೂ ಬಾಯಿಬಿಟ್ಟು ಓದುತ್ತೇನೆ. "ಮುಂದೆ ಶಾಲೆ", "ನಲವತ್ತು", "ಹಂಪ್". ಸಿಗ್ನಲ್ ಕಂಡರೆ ಬಣ್ಣ ಹೇಳುತ್ತೇನೆ. ಬಾಯಿ ಹೇಳಬೇಕಾದರೆ ಕಣ್ಣು ನೋಡಲೇಬೇಕು.

ಊರು ಬಂದಾಗ ಕಿವಿ, ಕಣ್ಣನ್ನು ನಂಬದೆ ಮೀಟರ್ ನೋಡುತ್ತೇನೆ. ಹೆದ್ದಾರಿಯಲ್ಲಿ ಒಂದು ಗಂಟೆ 80ರಲ್ಲಿ ಬಂದವನಿಗೆ 55 ಅಂದರೆ ತೆವಳಿದ ಹಾಗೆ ಅನಿಸುತ್ತದೆ. ನನ್ನ ವೇಗದ ದಂಡ ಬಿದ್ದದ್ದು ಹೀಗೇ. ಬೇಕಂತ ಓಡಿಸಿರಲಿಲ್ಲ.

ಫೋನ್ ಡ್ಯಾಶ್‌ಬೋರ್ಡ್‌ನ ಖಾನೆಯೊಳಗೆ. ಆರ್‌ಸಿ, ಲೈಸೆನ್ಸ್ ಮೊಬೈಲಿನ ಡಿಜಿಲಾಕರ್ ಆ್ಯಪ್‌ನಲ್ಲಿವೆ, ಇನ್ಶೂರೆನ್ಸ್ ಮುಗಿಯುವ ದಿನ ಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿದೆ.

ಎರಡು ವರ್ಷದಿಂದ ಚಲನ್ ಬಂದಿಲ್ಲ. ಬೆಲ್ಟ್ ಮಾತ್ರ ಈಗಲೂ ಟೀ ಅಂಗಡಿ ಬಿಟ್ಟ ಮೇಲೆ ಒಂದೊಂದು ಸಲ ಮರೆಯುತ್ತೇನೆ, ಕಾರೇ ಕೀಂ ಅಂತ ಬೈಯುತ್ತದೆ. ಮನೆಯವಳು ಪಕ್ಕದಲ್ಲಿ ಕೂತರೆ ಅವಳ ಕಷ್ಟ ಬೇರೆ. ಮೊನ್ನೆ ಗಾಜನೂರು ದಾಟುವಾಗ ಅಂದಳು, "ಬೋರ್ಡ್ ಓದೋಕೆ ನಂಗೂ ಬರುತ್ತೆ ಮಾರಾಯ್ರೇ."