ಕಸಿಗಂಟನ್ನಲ್ಲ, ಮಡಕೆಯನ್ನು ಹೂಳಿ

ತಂಗಿಯ ಮೊಮ್ಮಗ ಹೊಸ ಮನೆಯ ಹಿತ್ತಲಲ್ಲಿ ನಾಲ್ಕು ಮಾವಿನ ಕಸಿ ಗಿಡ ನೆಟ್ಟು ಫೋಟೊ ಕಳಿಸಿದ್ದ. ನೋಡಿ ಮೈ ಉರಿಯಿತು. ಗಿಡದಿಂದ ಗಿಡಕ್ಕೆ ಎಂಟು ಅಡಿಯೂ ಇಲ್ಲ. ಎರಡರ ಕಸಿಗಂಟು, ಅಂದರೆ ನಾಟಿ ಬುಡಕ್ಕೆ ಒಳ್ಳೆ ತಳಿಯ ಕುಡಿ ಬೆಸೆದ ಜಾಗ, ಮಣ್ಣಿನೊಳಗೆ ಹೂತಿದೆ. ಉಳಿದೆರಡರ ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನೇ ಬಿಚ್ಚಿಲ್ಲ. ಆ ಪಟ್ಟಿ ಕಾಂಡದ ಕತ್ತು ಹಿಸುಕುತ್ತದೆ ಎಂದು ಹೇಳಬೇಕೆ? ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಅದರ ಕೆಳಗೆ ಬರುವ ಚಿಗುರು ಬಾದಾಮಿ ತಳಿಯದೂ ಅಲ್ಲ, ಮಲ್ಲಿಕಾದ್ದೂ ಅಲ್ಲ, ಯಾವುದೋ ನಾಟಿ ಗೊರಟೆಯದು. ಕಂಡ ಕೂಡಲೇ ಚಿವುಟಿ.

ಗುಂಡಿಯನ್ನು ಬೇಸಿಗೆಯಲ್ಲೇ ತೊಡೆಮಟ್ಟ ತೋಡಿ ಬಿಸಿಲು ಕುಡಿಸಿ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಮಾಡಿಟ್ಟು, ಚೆನ್ನಾಗಿ ಕಳಿತ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿಯ ಜೊತೆ ಅದನ್ನೇ ಮೊದಲು ತುಂಬಿ. ಹಸಿ ಸಗಣಿ ಸುರಿದರೆ ಗೆದ್ದಲಿಗೆ ಔತಣ. ಮೃಗಶಿರಾ ಮಳೆ ಹದವಾಗಿ ಬಿದ್ದ ಮೇಲೆ, ಸಂಜೆ ಹೊತ್ತಿನಲ್ಲಿ ನೆಡಿ. ಮಾವಿಗೆ ಮೂವತ್ತು ಅಡಿ ಅಂತರ ಬೇಕು. ಅಷ್ಟು ಜಾಗವಿಲ್ಲದವರು ಒಂದೇ ಮಾವು ಇಟ್ಟು ಪಕ್ಕದಲ್ಲಿ ಸೀಬೆಯನ್ನೋ ನಿಂಬೆಯನ್ನೋ ಹಾಕಿಕೊಳ್ಳಲಿ.

ಇನ್ನು ಗಿಡಕ್ಕೆ ನೀರುಣಿಸಲು ಹೂಳುವ ಮಣ್ಣಿನ ಮಡಕೆಯ ವಿಷಯ. ನಾನು ಮದುವೆಯಾಗಿ ತಿಪಟೂರಿನ ಕಡೆಗೆ ಬಂದ ವರ್ಷ ಬಾವಿಯ ನೀರು ತಳ ಕಂಡಿತ್ತು. ನಮ್ಮತ್ತೆ ಪ್ರತಿ ಸಸಿಯ ಪಕ್ಕ ಒಂದು ಮಡಕೆ ಹೂಳಿಸಿದರು. ಈ ಮುದುಕಿಗೇನು ಹುಚ್ಚು ಎಂದುಕೊಂಡಿದ್ದೆ. ಆಗ ನೆಟ್ಟ ರಸಪುರಿ ಮಾವಿನ ಮರದ ಹಣ್ಣನ್ನು ಈಗಲೂ ತಿನ್ನುತ್ತಿದ್ದೇನೆ. ಮಡಕೆಗೆ ಬಣ್ಣ, ಹೊಳಪು ಇರಬಾರದು. ಅಡುಗೆ ಮಾಡಿದ ಗಡಿಗೆಯೂ ಬೇಡ, ಎಣ್ಣೆ ಜಿಡ್ಡು ಕುಡಿದು ಅದರ ರಂಧ್ರ ಕಟ್ಟಿರುತ್ತದೆ. ನೀರು ತುಂಬಿ ರಾತ್ರಿಯೆಲ್ಲ ಕಲ್ಲಿನ ಮೇಲೆ ಇಡಿ. ಬೆಳಿಗ್ಗೆ ಹೊರಮೈ ಬೆವರಿದ್ದರೆ ಸರಿ, ಒಣಗಿದ್ದರೆ ಬೇರೆ ತನ್ನಿ. ಸಸಿಯಿಂದ ಒಂದೂವರೆ ಗೇಣು ದೂರದಲ್ಲಿ, ನೆಡುವ ದಿನವೇ ಹೂಳಿ. ಆಮೇಲೆ ಅಗೆದರೆ ಬೇರು ಕತ್ತರಿಸುತ್ತದೆ. ಸುತ್ತ ಸಡಿಲ ಮಣ್ಣನ್ನು ಕೈಯಿಂದಲೇ ಒತ್ತಿ, ಮಡಕೆಗೂ ಮಣ್ಣಿಗೂ ನಡುವೆ ಸಂದು ಉಳಿಯಬಾರದು. ಕುತ್ತಿಗೆ ಮಾತ್ರ ಮೇಲೆ ಕಾಣಲಿ. ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಮಣ್ಣು ಒಣಗಿದಂತೆಲ್ಲ ಮಡಕೆ ತಾನೇ ಒಸರುತ್ತದೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಚಿಪ್ಪು ಎತ್ತಿ ನೋಡಿ ತುಂಬಿಸಿದರೆ ಆಯಿತು. ಪೈಪು ಹಿಡಿದು ಕಾಂಡದ ಬುಡ ಕೊಚ್ಚೆ ಮಾಡುವವರನ್ನು ಕಂಡರೆ ನನಗಾಗದು.

  

ಮೊದಲ ಮೂರು ವರ್ಷ ಹೂ ಬಂದರೆ ಕಿತ್ತು ಹಾಕಿ. ಹೊಟ್ಟೆ ಚುರುಕ್ ಎನ್ನುತ್ತದೆ, ಎನ್ನಲಿ. ಗಿಡ ದೊಡ್ಡದಾಯಿತೆಂದು ಮಡಕೆಯನ್ನು ಕೀಳಲು ಮಾತ್ರ ಹೋಗಬೇಡಿ. ಅಷ್ಟರಲ್ಲಿ ಬೇರುಗಳು ಅದನ್ನು ಸುತ್ತಲೂ ಅಪ್ಪಿಕೊಂಡಿರುತ್ತವೆ.